ಬಾಲ ನೆಟ್ಟಗೆ ಬಿಡಿಸುತ್ತಿದ್ದ ಟ್ಯಾಬಿಥಾ

ಟ್ಯಾಬಿಥಾ ಹಾರ್ಲ್ಯಾಂಡಳ ತಾಯಿಗೆ ಸತ್ತವರನ್ನು ಮಲಗಿಸುವ ಕೆಲಸ. ನಮ್ಮ ಬಂದರೂರು ವಿಟ್ಬಿಯಲ್ಲಿ ಯಾರ ಮನೆಯಲ್ಲಿ ಉಸಿರು ನಿಂತರೂ ಪಾದ್ರಿಗಿಂತ ಮೊದಲು ಅವಳಿಗೆ ಕರೆ ಹೋಗುತ್ತಿತ್ತು. ಮೈ ಸೆಟೆದುಕೊಳ್ಳುವ ಮೊದಲೇ ಕಣ್ಣು ಮುಚ್ಚಿ, ಗದ್ದ ಕಟ್ಟಿ, ಕೈಕಾಲು ನೀಡಿಸಿ, ಗೆರೆ ಎಳೆದ ಹಾಗೆ ನೆಟ್ಟಗೆ ಮಲಗಿಸಬೇಕು. ಸೊಟ್ಟಗೆ ಮಲಗಿಸಿದರೆ ಆ ಮನೆತನಕ್ಕೇ ತಲೆತಗ್ಗಿಸುವ ಮಾತು. ಸಮುದ್ರ ತಂದು ಎಸೆದ ನಾವಿಕರ ಮೈ ಹೇಗೆ ಹೇಗೋ ತಿರುಚಿಕೊಂಡಿರುತ್ತಿತ್ತು. ಅವರನ್ನಂತೂ ತಾಯಿ ಇನ್ನೂ ಜೋಪಾನವಾಗಿ ನೇರ ಮಾಡುತ್ತಿದ್ದಳು. ದೀಪ ಹಿಡಿದು ಪಕ್ಕದಲ್ಲಿ ನಿಂತು ಟ್ಯಾಬಿಥಾ ಇದನ್ನೇ ನೋಡುತ್ತ ಬೆಳೆದಳು. ದೊಡ್ಡವಳಾಗಿ ಮೊಸಳೆಗಳ ಚಿತ್ರ ಬಿಡಿಸುವವಳಾದಾಗಲೂ ಈ ಪಾಠವನ್ನು ಅವಳು ಮರೆಯಲಿಲ್ಲ.

ಮೊಸಳೆ ಎಂದರೆ ನಮ್ಮ ಕಡಲಂಚಿನ ಬಂಡೆಗಳ ಹೊಟ್ಟೆಯಲ್ಲಿ ಕಲ್ಲಾಗಿ ಮಲಗಿರುವ ಮೊಸಳೆ. ಪಟಿಕದ ಗಣಿಯವರು ಬಂಡೆ ಸೀಳಿದಾಗ ಒಮ್ಮೊಮ್ಮೆ ಉದ್ದ ಮೂತಿ, ತಟ್ಟೆಯಗಲದ ಕಣ್ಣಿನ ಗುಳಿ, ದೋಣಿಯ ಹುಟ್ಟಿನಂಥ ಕೈಕಾಲು ಹೊರಗೆ ಬರುತ್ತಿದ್ದವು. ಅದು ಮೊಸಳೆಯಲ್ಲ, ಮೀನಿನ ಮೈಯ ಹಲ್ಲಿ, ಜಲಪ್ರಳಯಕ್ಕೂ ಹಿಂದಿನದು ಎಂದು ಲಂಡನ್ನಿನ ಪಂಡಿತರು ಬರೆಯತೊಡಗಿ ಆಗಲೇ ಬಹಳ ಕಾಲವಾಗಿತ್ತು. ಅವರು ಬರೆದರೆ ಬರೆದುಕೊಳ್ಳಲಿ, ನಮ್ಮೂರಿನ ಬಾಯಲ್ಲಿ ಅದು ಮೊಸಳೆಯೇ.

ಗಣಿಯ ಜಾಬ್ ವೆದರಿಲ್ ಇಂಥ ಮೊಸಳೆಗಳನ್ನು ಬಂಡೆಯಿಂದ ಬಿಡಿಸಿ, ಮರದ ಚೌಕಟ್ಟಿನಲ್ಲಿ ಗಾರೆ ಹಾಕಿ ಕೂರಿಸಿ, ಮಾರುತ್ತಿದ್ದ. ಎಲ್ಲದರ ಬಾಲವೂ ತುದಿಯ ಹತ್ತಿರ ಮುರಿದು ಕೆಳಕ್ಕೆ ಜೋತುಬಿದ್ದಿರುತ್ತಿತ್ತು. ಜಾಬ್ ಆ ಮೂಳೆಗಳನ್ನು ಉಳಿಯಿಂದ ಎಬ್ಬಿಸಿ, ಸಾಲಾಗಿ ನೆಟ್ಟಗೆ ಜೋಡಿಸಿಬಿಡುತ್ತಿದ್ದ. "ಸೊಟ್ಟ ಮೊಸ್ಳೇನ ಯಾವ ಸಾಹೇಬ ತಗೋತಾನೆ ಹೇಳವ್ವ?" ಎನ್ನುತ್ತಿದ್ದ. ಅವನ ಉಳಿಗೆ ಸಿಗದೆ ಬಂದದ್ದನ್ನು ಟ್ಯಾಬಿಥಾ ಕಾಗದದ ಮೇಲೆ ನೇರ ಮಾಡುತ್ತಿದ್ದಳು. ಸತ್ತ ಜೀವ, ಬಂಡೆಯ ಭಾರಕ್ಕೆ ಸಿಕ್ಕಿ ಮುರಿದಿದೆ. ಅದನ್ನು ಹಾಗೇ ಜಗತ್ತಿಗೆ ತೋರಿಸುವುದು ಮರ್ಯಾದೆಯಲ್ಲ ಎಂದು ಅವಳ ಭಾವನೆ. ಊರಿನಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಅವಳಿಂದ ಚಿತ್ರ ಬರೆಸುತ್ತಿದ್ದವರು ಡಾಕ್ಟರ್ ಆಂಬ್ಲರ್. ರೋಗಿಗಳ ನಾಡಿಗಿಂತ ಮೊಸಳೆಗಳ ಬೆನ್ನುಮೂಳೆ ಹಿಡಿದದ್ದೇ ಹೆಚ್ಚು ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಒಂದೊಂದು ಮೊಸಳೆ ಸಿಕ್ಕಾಗಲೂ ಡಾಕ್ಟರು ಒಂದು ಪ್ರಬಂಧ ಬರೆಯುವರು, ಟ್ಯಾಬಿಥಾ ಚಿತ್ರ ಬಿಡಿಸುವಳು, ಅದು ಯಾರ್ಕಿನಲ್ಲಿ ಕಲ್ಲಚ್ಚಾಗಿ ಬರುವುದು. ಚಿತ್ರದ ಕೆಳಗೆ 'ಡಾಕ್ಟರ್ ಆಂಬ್ಲರ್ ಅವರ ಸಂಗ್ರಹದಿಂದ' ಎಂದಿರುತ್ತಿತ್ತು. ಟ್ಯಾಬಿಥಾಳ ಹೆಸರು ಇರುತ್ತಿರಲಿಲ್ಲ. ಮದುವೆಯಾಗದ ಹೆಣ್ಣುಮಗಳ ಹೆಸರನ್ನು ಅಚ್ಚು ಹಾಕಿಸಿ ಹತ್ತು ಜನರ ಕೈಗೆ ಕೊಡುವುದು ಸರಿಯಲ್ಲ ಎಂದು ಡಾಕ್ಟರ ಅಭಿಪ್ರಾಯ. ಟ್ಯಾಬಿಥಾ ತಲೆಯಾಡಿಸುತ್ತಿದ್ದಳು. ಮನೆಗೆ ಬಂದು ಚಿತ್ರದ ಎಡಮೂಲೆಯನ್ನು ಬೆರಳಿನಿಂದ ಸವರುತ್ತಿದ್ದಳು. ಲಂಡನ್ನಿನ ಪಟಗಳಲ್ಲಿ ಬಿಡಿಸಿದವರ ಹೆಸರು ಬರುವ ಜಾಗ ಅದು. ಜೀವನದಲ್ಲಿ ಅವಳಿಗೆ ಬೇಕಾಗಿದ್ದದ್ದು ಆ ಅಕ್ಕಿಕಾಳಿನಷ್ಟು ಜಾಗ. ಗಂಡ ಬೇಕೆನ್ನಲಿಲ್ಲ, ದೊಡ್ಡ ಮನೆ ಬೇಕೆನ್ನಲಿಲ್ಲ, ಆ ಮೂಲೆ ಒಂದಿದ್ದರೆ ಸಾಕಾಗಿತ್ತು.

ಅಷ್ಟರಲ್ಲಿ ಲೆಟಿಸ್ ವೀಟ್ಲಿ ಊರಿಗೆ ಬಂದಳು.

ಹಲ್ ಬಂದರಿನ ಕಡೆಯವಳು. ಗಂಡ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಹೋದವನು ಮಂಜುಗಡ್ಡೆಯಲ್ಲೇ ಉಳಿದುಬಿಟ್ಟಿದ್ದ. ಚಿಕ್ಕಮ್ಮನ ಮನೆಗೆ ಬಂದವಳು ಮೊದಲ ಭಾನುವಾರವೇ ನಮ್ಮ ಮೆಥಡಿಸ್ಟ್ ಚಾಪೆಲ್ಲಿಗೆ ಬಂದು ಟ್ಯಾಬಿಥಾಳ ಪಕ್ಕದಲ್ಲೇ ಕುಳಿತಳು. ಕಪ್ಪು ಬಟ್ಟೆಯಲ್ಲೂ ಚೆಲುವೆ. ದನಿ ಎತ್ತಿ ಹಾಡಿದರೆ ಹಿಂದಿನ ಸಾಲಿನವರು ಹಾಡುವುದನ್ನು ಬಿಟ್ಟು ಕೇಳುತ್ತಿದ್ದರು. ಇದಾದರೂ ಇರಲಿ ಎನ್ನೋಣ. ಅವಳಿಗೆ ಚಿತ್ರ ಬಿಡಿಸಲೂ ಬರುತ್ತಿತ್ತು. ಡಾಕ್ಟರ ಹೆಂಡತಿಯ ನಾಯಿಯನ್ನು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಬಿಡಿಸಿಕೊಟ್ಟಳು. ನಾಯಿ ಈಗ ಬೊಗಳುತ್ತದೆ ಎನ್ನುವ ಹಾಗಿತ್ತು. ಆ ಚಿತ್ರವನ್ನು ಟ್ಯಾಬಿಥಾಳಿಗೆ ತೋರಿಸಿದಾಗ ಅವಳು, "ಚೆನ್ನಾಗಿದೆ. ಕಿವಿ ಸ್ವಲ್ಪ ದೊಡ್ಡದಾಯ್ತು," ಎಂದಳು. ಕಿವಿ ಸರಿಯಾಗಿಯೇ ಇತ್ತು. ಅದು ಅವಳಿಗೂ ಗೊತ್ತಿತ್ತು.

ಚಾಪೆಲ್ಲಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಣ್ಣ, ಅಕ್ಕ, ತಂಗಿ. ಹಾಗಾಗಿ ಲೆಟಿಸ್ ಅವಳನ್ನು "ಅಕ್ಕ" ಎನ್ನುವಳು, ಅವಳು ಲೆಟಿಸ್ಸಳನ್ನು "ತಂಗಿ" ಎನ್ನಬೇಕು. ಆ ಒಂದು ಮಾತು ಬಾಯಿಗೆ ಬರುವಾಗ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಗುತ್ತಿತ್ತು. ಇದರ ಮೇಲೆ ಪ್ರತಿ ಬುಧವಾರ ಸಂಜೆಯ ಕೂಟ. ಕೂಟದ ಹಿರಿಯ ಪೈಬಸ್ ಅಣ್ಣನ ಮುಂದೆ ಒಬ್ಬೊಬ್ಬರೇ ಎದ್ದು ನಿಂತು ಆ ವಾರ ತಮ್ಮ ಆತ್ಮ ಹೇಗಿತ್ತು, ಏನು ತಪ್ಪು ಮಾಡಿತು ಎಂದು ಹೇಳಬೇಕು. ಟ್ಯಾಬಿಥಾ ಎದ್ದು ನಿಂತು ಬೆಕ್ಕಿಗೆ ಬೈದೆ ಎನ್ನುತ್ತಿದ್ದಳು, ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಕೊಂಡೆ ಎನ್ನುತ್ತಿದ್ದಳು. ಹೊಟ್ಟೆಕಿಚ್ಚಿನ ಸುದ್ದಿಯನ್ನು ಎತ್ತುತ್ತಿರಲಿಲ್ಲ. ಪಕ್ಕದಲ್ಲೇ ಕುಳಿತವಳ ಮೇಲಿನ ಹೊಟ್ಟೆಕಿಚ್ಚನ್ನು ಅವಳ ಎದುರಿಗೇ ಹೇಳಲು ಯಾರಿಂದ ಸಾಧ್ಯ?

ಆ ವರ್ಷ ಚಳಿಗಾಲದ ಕೊನೆಗೆ ಗಣಿಯ ಮೇಲಿನ ಬಂಡೆ ಜರಿದು ಬಿತ್ತು. ಒಳಗೆ ಇದುವರೆಗೆ ಯಾರೂ ಕಾಣದಂಥ ಮೊಸಳೆ. ಮೂತಿಯಿಂದ ಬಾಲದ ತುದಿಯವರೆಗೆ ಒಂದು ಮೂಳೆಯೂ ತಪ್ಪಿರಲಿಲ್ಲ. ಜಾಬ್ ಉಳಿ ಮುಟ್ಟಿಸುವ ಮೊದಲೇ ಡಾಕ್ಟರು ಕೊಂಡು, ಕಲ್ಲಿನ ಹಲಗೆಯ ಸಮೇತ ಊರಿನ ಮ್ಯೂಸಿಯಂಗೆ ಹೊರಿಸಿದರು. ಲಂಡನ್ನಿನ ದೊಡ್ಡ ಸಭೆಯಲ್ಲಿ ಪ್ರಬಂಧ ಓದಬೇಕೆಂದು ಅವರಿಗೆ ಅವಸರ. ಟ್ಯಾಬಿಥಾ ಪೆನ್ಸಿಲುಗಳನ್ನು ಚೂಪು ಮಾಡಿಟ್ಟುಕೊಂಡು ಕರೆಗಾಗಿ ಕಾದಳು. ಕರೆ ಬಂತು.

"ಮಿಸ್ ಹಾರ್ಲ್ಯಾಂಡ್, ಕೂತ್ಕೊಳ್ಳಿ," ಎಂದರು ಡಾಕ್ಟರು. "ಈ ಸಲ ಪಟ ಲಂಡನ್ನಿನಲ್ಲೇ ಅಚ್ಚಾಗತ್ತೆ. ಅಲ್ಲಿಯವರು ಬಿಡಿಸಿದವರ ಹೆಸರು ಹಾಕ್ಲೇಬೇಕು ಅಂತಾರೆ. ನಾನೂ ಆಗ್ಲಿ ಅಂದೆ."

ಟ್ಯಾಬಿಥಾ ಕುರ್ಚಿಯ ತುದಿಗೆ ಸರಿದು ಕುಳಿತಳು.

"ಅದಕ್ಕೇ ಮಿಸೆಸ್ ವೀಟ್ಲಿ ಕೈಲಿ ಬಿಡಿಸ್ತಿದೀನಿ. ವಿಧವೆ ನೋಡಿ, ಹೆಸರು ಹಾಕಿದ್ರೂ ಯಾರೂ ಏನೂ ಅನ್ನೋಲ್ಲ. ಕೈಯೂ ಚುರುಕು. ನೀವು ಹಳಬರು, ಅವಳ ಚಿತ್ರದ ಮೇಲೆ ಒಂದ್ಸಲ ಕಣ್ಣು ಹಾಯಿಸಿ, ತಪ್ಪಿದ್ರೆ ತಿದ್ದಿಕೊಡಿ. ಅಷ್ಟು ಮಾಡ್ತೀರಲ್ವಾ?"

"ಅದಕ್ಕೇನಂತೆ ಡಾಕ್ಟ್ರೇ," ಎಂದಳು ಟ್ಯಾಬಿಥಾ. ಮನೆಯ ದಾರಿಯುದ್ದಕ್ಕೂ ತನ್ನಲ್ಲೇ ಗೊಣಗುತ್ತ ನಡೆದಳು. ತನ್ನ ಪ್ರಾಯವೆಲ್ಲ ಹಾಕಿ ಆ ಮೂಲೆಯನ್ನು ಕಾದಿದ್ದವಳು ಅವಳು. ಬಂದವಳು ಯಾವಳೋ, ಗಂಡ ಸತ್ತದ್ದೇ ಪುಣ್ಯವಾಗಿ ಅದರಲ್ಲಿ ಹೋಗಿ ಕುಳಿತಳು! ಮನೆಗೆ ಬಂದು ಚೂಪು ಮಾಡಿದ ಪೆನ್ಸಿಲುಗಳನ್ನು ಒಂದೊಂದಾಗಿ ಮುರಿದಳು. ಆಮೇಲೆ ಪೆನ್ಸಿಲು ದಂಡವಾಯಿತಲ್ಲ ಎಂದು ಅತ್ತಳು. ಅತ್ತದ್ದು ಪೆನ್ಸಿಲಿಗಲ್ಲ ಎಂದು ಹೇಳಬೇಕಾಗಿಲ್ಲ.

ಲೆಟಿಸ್ ಚಿತ್ರ ಮುಗಿಸಿ, ಅದನ್ನೂ ಒಂದು ಕಟ್ಟು ಶುಂಠಿ ಬ್ರೆಡ್ಡನ್ನೂ ತೆಗೆದುಕೊಂಡು ಟ್ಯಾಬಿಥಾಳ ಮನೆಗೇ ಬಂದಳು. ಚಿತ್ರವನ್ನು ಮೇಜಿನ ಮೇಲೆ ಹರಡಿದಳು. ಹಾಳಾದದ್ದು, ಎಷ್ಟು ಚೆನ್ನಾಗಿತ್ತು! ಮೂಳೆಯ ಉಬ್ಬು ತಗ್ಗುಗಳ ಮೇಲೆ ಕೈಯಾಡಿಸಬೇಕು ಎನಿಸುವ ಹಾಗೆ. ಟ್ಯಾಬಿಥಾ ತಲೆಯಿಂದ ಹುಡುಕುತ್ತ ಬಂದಳು, ಒಂದು ತಪ್ಪಾದರೂ ಸಿಕ್ಕಲಿ ಎಂದು. ಹಲ್ಲು ಸರಿ. ಪಕ್ಕೆಲುಬು ಸರಿ. ಕೊನೆಗೆ ಬಾಲ. ಬಾಲವನ್ನು ಆ ಹುಚ್ಚಿ, ಬಂಡೆಯಲ್ಲಿ ಇದ್ದ ಹಾಗೇ ಬಿಡಿಸಿದ್ದಳು, ತುದಿಯ ಹತ್ತಿರ ಮುರಿದು ಕೆಳಗೆ ಜೋತುಬಿದ್ದ ಹಾಗೆ.

"ನಂಗೂ ಅಲ್ಲೇ ಅನುಮಾನ ಅಕ್ಕ," ಎಂದಳು ಲೆಟಿಸ್. "ಬಾಲ ಮುರಿದಿದೆ ಅಂತ ಕಾಣತ್ತೆ. ಜಾಬ್ ಕೂಡ ನೆಟ್ಟಗೆ ಮಾಡು ತಾಯಿ ಅಂದ. ಮ್ಯೂಸಿಯಂನಲ್ಲಿರೋ ಚಿತ್ರಗಳಲ್ಲೆಲ್ಲ ನೆಟ್ಟಗೇ ಇದೆ. ತಿದ್ದಿಬಿಡ್ಲಾ?"

ಮ್ಯೂಸಿಯಂನಲ್ಲಿದ್ದ ಚಿತ್ರಗಳನ್ನು ಬಿಡಿಸಿದ್ದು ಟ್ಯಾಬಿಥಾ. ಅವಳ ಬಾಯಲ್ಲಿ 'ಹೂಂ, ತಿದ್ದು' ಎಂಬ ಮಾತು ಬಂದೇಬಿಟ್ಟಿತ್ತು. ಆಗ ಅವಳ ಕಣ್ಣಮುಂದೆ ಸಭೆ ಬಂತು. ಕೋಟು ಹಾಕಿದ ದೊಡ್ಡ ಮನುಷ್ಯರೆಲ್ಲ ಆ ಮುರುಕು ಬಾಲವನ್ನು ನೋಡಿ ನಗುವುದು, ಈ ಚೆಲುವೆಯ ಮುಖ ಕೆಂಪಾಗುವುದು ಕಂಡಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರಲ್ಲ, ಟ್ಯಾಬಿಥಾ ಆಳ ನೋಡಲೂ ತಳ್ಳಲಿಲ್ಲ. ಮುಳುಗಲಿ ಎಂದೇ ತಳ್ಳಿದಳು.

"ಬೇಡ ತಂಗಿ," ಎಂದಳು. ಈ ಸಲ ತಂಗಿ ಎನ್ನುವುದು ಎಷ್ಟು ಸಲೀಸಾಗಿ ಬಂತು! "ಇದ್ದದ್ದು ಇದ್ದ ಹಾಗೇ ಇರ್ಲಿ. ಯಾರು ಏನೇ ಅಂದ್ರೂ ಮುಟ್ಟೋಕೆ ಹೋಗ್ಬೇಡ."

"ನೀವು ಹೇಳಿದ್ಮೇಲೆ ಮುಗೀತು," ಎಂದಳು ಲೆಟಿಸ್. ಇಬ್ಬರೂ ಶುಂಠಿ ಬ್ರೆಡ್ಡು ತಿಂದರು. ಅದೂ ಚೆನ್ನಾಗಿತ್ತು.

ಲಂಡನ್ನಿಗೆ ಹೊರಡುವ ಮುನ್ನ ಡಾಕ್ಟರು ಊರಿನ ಮ್ಯೂಸಿಯಂನಲ್ಲಿ ಪ್ರಬಂಧ ಓದಿದರು. ಅವಸರದಲ್ಲಿ ಅವರೂ ಚಿತ್ರವನ್ನು ಸರಿಯಾಗಿ ನೋಡಿರಲಿಲ್ಲ. ಹಳಬಳ ಕಣ್ಣು ಹಾದಿದೆ, ಇನ್ನೇನು ಎಂದುಕೊಂಡಿದ್ದರು. ಟ್ಯಾಬಿಥಾ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೆಂಗಸರ ಬೆಂಚಿನ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಚಿತ್ರವನ್ನು ನಿಲ್ಲಿಸಿದ್ದೇ ತಡ, ಸ್ಕಾರ್ಬರೋದಿಂದ ಬಂದಿದ್ದ ಹಡಗು ಮಾಲೀಕನೊಬ್ಬ ಜೋರಾಗಿ ಕೇಳಿದ:

"ಡಾಕ್ಟ್ರೇ, ನಿಮ್ಮ ಮೊಸಳೆ ಬಾಲ ಯಾರ ಮನೆ ಬಾಗಿಲಿಗೆ ಸಿಕ್ಕಿಹಾಕ್ಕೊಂಡಿತ್ತು?"

"ನಾಯಿ ಬಾಲ ಡೊಂಕು ಅಂತ ಕೇಳಿದ್ದೆ, ಇದ್ರದ್ದೂ ಡೊಂಕೇನ್ರಿ?" ಎಂದು ಇನ್ನೊಬ್ಬ ಸೇರಿಸಿದ.

ಸಭೆಗೆ ಸಭೆಯೇ ನಕ್ಕಿತು. ಲೆಟಿಸ್ಸಳ ಮುಖ ಕುತ್ತಿಗೆಯವರೆಗೆ ಕೆಂಪಾಗಿ, ಅವಳು ಆ ಕಡೆ ಈ ಕಡೆ ನೋಡಿ, ಕೊನೆಗೆ ಟ್ಯಾಬಿಥಾಳ ಕಡೆ ತಿರುಗಿದಳು. ಟ್ಯಾಬಿಥಾಳಿಗೆ ಆ ಘಳಿಗೆಯಲ್ಲಿ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಮಾರನೆಯ ದಿನ ಡಾಕ್ಟರು ಬಂದು, ಬರೀ ನಿಮ್ಮ ಕಣ್ಣು ಸಾಲದು, ಕೈಯೇ ಬೇಕಿತ್ತು, ಮುಂದಿನ ಚಿತ್ರ ನಿಮ್ಮದೇ, ಜನ ಏನಾದರೂ ಅನ್ನಲಿ, ಹೆಸರೂ ನಿಮ್ಮದೇ ಎಂದರು. ಈ ಚಿತ್ರವನ್ನು ತಿದ್ದಿಸಲು ಹೊತ್ತಿಲ್ಲ, ಹಾಗೇ ಒಯ್ಯುತ್ತೇನೆ, ನನ್ನ ಹಣೆಬರಹ ಎಂದು ಗೊಣಗುತ್ತ ಲಂಡನ್ನಿನ ಗಾಡಿ ಹತ್ತಿದರು. ಅವರು ಹಿಂದಿರುಗುವವರೆಗೆ ಟ್ಯಾಬಿಥಾ ಹಾಡು ಗುನುಗುತ್ತಲೇ ಇದ್ದಳು. ಬೆಕ್ಕಿಗೂ ಬೈಯಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗಾಡಿಯಿಂದ ಇಳಿದ ಡಾಕ್ಟರು ಮನೆಗೂ ಹೋಗದೆ ಟ್ಯಾಬಿಥಾಳ ಬಾಗಿಲು ತಟ್ಟಿದರು. ಲೆಟಿಸ್ಸಳನ್ನೂ ಕರೆಸಿದರು. ಮಾತು ಉಕ್ಕಿ ಉಕ್ಕಿ ಬರುತ್ತಿತ್ತು.

"ಅಲ್ಲಿ ಒಬ್ರೂ ನಗಲಿಲ್ಲ! ಅಲ್ಲಿಯ ದೊಡ್ಡ ಪಂಡಿತರೊಬ್ರು ಚಿತ್ರ ನೋಡಿ ಎದ್ದು ನಿಂತ್ಬಿಟ್ರು. ನನ್ನ ಕೈಹಿಡಿದು ಒಳಗೆ ಕರ್ಕೊಂಡು ಹೋದ್ರು. ಅವರ ಹತ್ರ ಇರೋ ಮೊಸಳೆಗಳಲ್ಲೂ ಬಾಲ ಅದೇ ಜಾಗದಲ್ಲೇ, ಹಾಗೇ ಬಾಗಿದೆ. ಎಲ್ಲಾ ಒಂದೇ ಕಡೆ ಮುರಿಯೋಕೆ ಸಾಧ್ಯ ಏನ್ರೀ? ಮುರಿದದ್ದೇ ಅಲ್ಲ ಅದು! ಅಲ್ಲೊಂದು ರೆಕ್ಕೆ ಇತ್ತು, ಮೀನಿನ ಬಾಲಕ್ಕಿರೋ ಹಾಗೆ. ಮಾಂಸದ್ದು, ಕೊಳೆತು ಹೋಗಿದೆ. ಅದರ ಭಾರಕ್ಕೆ ಮೂಳೆ ಬಾಗಿದೆ. ಜಾಬ್ ಮಾರಿದ ನೆಟ್ಟಗಿನ ಬಾಲಗಳನ್ನ ಕೆದಕಿ ನೋಡಿದ್ರೆ, ಗಾರೆ ಅಡಿ ಉಳಿಯ ಗಾಯ! ನಾವೆಲ್ಲ ಸೇರಿ ಇಷ್ಟು ವರ್ಷ ಅದರ ಬಾಲಾನೇ ಅಳಿಸಿ ಹಾಕಿದ್ವಿ."

ಟ್ಯಾಬಿಥಾಳಿಗೆ ತಾನು ನೇರ ಮಾಡಿದ ಒಂದೊಂದು ಬಾಲವೂ ಕಣ್ಣಮುಂದೆ ಬಂತು. ಅವುಗಳ ಕೆಳಗೆ ತನ್ನ ಹೆಸರಿಲ್ಲದ್ದು ಪುಣ್ಯ ಎಂದು ಜನ್ಮದಲ್ಲಿ ಮೊದಲ ಸಲ ಅನ್ನಿಸಿತು.

"ಮಿಸೆಸ್ ವೀಟ್ಲಿ, ನಿಮಗೆ ಹೇಗ್ರೀ ಹೊಳೀತು?" ಎಂದರು ಡಾಕ್ಟರು.

ಲೆಟಿಸ್ ಟ್ಯಾಬಿಥಾಳ ಕಡೆ ಒಮ್ಮೆ ನೋಡಿದಳು. "ನಂಗೆ ಹೊಳೀಲಿಲ್ಲ ಡಾಕ್ಟ್ರೇ. ನಾನು ತಿದ್ದೋಕೆ ಹೊರಟಿದ್ದೆ. ಮುಟ್ಟಬೇಡ, ಇದ್ದ ಹಾಗೇ ಇರ್ಲಿ ಅಂದದ್ದು ಅಕ್ಕ. ಅವರ ಹೆಸರೂ ಹಾಕಿಸಿ. ಇಲ್ದಿದ್ರೆ ನನ್ನ ಹೆಸರೂ ಬೇಡ."

ಪಟ ಅಚ್ಚಾಗಿ ಬಂತು. ಎಡಮೂಲೆಯಲ್ಲಿ 'ಬಿಡಿಸಿದವರು: ಲೆಟಿಸ್ ವೀಟ್ಲಿ'. ಬಲಮೂಲೆಯಲ್ಲಿ 'ತಿದ್ದಿದವರು: ಟ್ಯಾಬಿಥಾ ಹಾರ್ಲ್ಯಾಂಡ್'. ತಿದ್ದದೆ ಇದ್ದದ್ದೊಂದೇ ಅವಳು ಮಾಡಿದ ಕೆಲಸ. ಎರಡು ಹೆಸರುಗಳಲ್ಲಿ ಯಾರದ್ದು ದಪ್ಪ ಅಕ್ಷರ ಎಂದು ಅವಳು ಭೂತಗನ್ನಡಿ ಹಿಡಿದು ನೋಡಿದಳಂತೆ. ಎರಡೂ ಒಂದೇ ಅಳತೆ. ಅದರಿಂದಲೂ ಅವಳಿಗೆ ಸಮಾಧಾನವಾಗಲಿಲ್ಲ.

ಆ ಬುಧವಾರದ ಕೂಟದಲ್ಲಿ ಲೆಟಿಸ್ ಮೊದಲು ಎದ್ದು ನಿಂತಳು. "ಗಂಡನ್ನ ಕಳ್ಕೊಂಡು ಗುರುತು ಪರಿಚಯ ಇಲ್ಲದ ಊರಿಗೆ ಬಂದೆ. ದೇವರು ನಂಗೆ ಇಲ್ಲೊಬ್ಬ ಅಕ್ಕನ್ನ ಕೊಟ್ಟ. ಎಲ್ಲರೂ ತಪ್ಪು ಅಂದಾಗ ಅವರೊಬ್ರೇ ನನ್ನ ಕಣ್ಣನ್ನ ನಂಬಿದ್ರು," ಎಂದಳು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಬೇಕರಿಯ ಮುದುಕಿಯಂತೂ ಬಿಕ್ಕಿ ಬಿಕ್ಕಿ ಅತ್ತಳು.

ಟ್ಯಾಬಿಥಾ ಕೂತಲ್ಲೇ ಕುದಿದಳು. ಇವಳಿಗೆ ಕೈ ಇದೆ, ಕಂಠ ಇದೆ, ಮುಖ ಇದೆ. ಈಗ ಒಳ್ಳೆಯತನವನ್ನೂ ಇವಳೇ ಹೊಡೆದುಕೊಂಡು ಹೋಗಬೇಕೆ? ಈ ಕಣ್ಣೀರನ್ನು, ಈ ಸುಂದರವಾದ ಸಂಜೆಯನ್ನು ಹಾಳು ಮಾಡಬೇಕು ಎನ್ನಿಸಿತು. ಪಶ್ಚಾತ್ತಾಪ ಎಂದು ಯಾರೂ ತಪ್ಪು ತಿಳಿಯಬೇಡಿ, ಬರೀ ಉರಿ. ಎದ್ದು ನಿಂತೇಬಿಟ್ಟಳು.

"ಅವಳು ಹೇಳಿದ್ದು ಸುಳ್ಳು," ಎಂದಳು. "ನಾನು ಯಾರ ಕಣ್ಣನ್ನೂ ನಂಬ್ಲಿಲ್ಲ. ಬಾಲ ಮುರಿದಿದೆ ಅಂತ್ಲೇ ತಿಳ್ಕೊಂಡಿದ್ದೆ. ಎಲ್ರೂ ಇವಳನ್ನ ನೋಡಿ ನಗಲಿ ಅಂತ ತಿದ್ದೋಕೆ ಬಿಡ್ಲಿಲ್ಲ. ಇವಳ ಹೆಸರು ಮಣ್ಣಾಗಲಿ ಅಂತ."

ಕೆಳಗೆ ಬಂದರಿನಲ್ಲಿ ಹಗ್ಗ ಕಟ್ಟುವವರ ಕೂಗು ಕೇಳುತ್ತಿತ್ತು. ಪೈಬಸ್ ಅಣ್ಣ ನಿಧಾನವಾಗಿ ಕನ್ನಡಕ ತೆಗೆದು ಒರೆಸಿದರು.

"ನೋಡಿದ್ರಾ," ಎಂದರು. "ಬಂದ ಕೀರ್ತೀನ ಬೇಡ ಅನ್ನೋಕೆ ತನ್ನ ಮೇಲೇ ತಾನು ಕೆಸರು ಎರಚಿಕೊಳ್ಳೋ ಹೆಣ್ಣು! ವಿನಯ ಅಂದ್ರೆ ಇದು. ಕಲೀರಿ."

"ಆಮೆನ್!" ಎಂದಿತು ಕೂಟ. ಬೇಕರಿಯ ಮುದುಕಿ ಇನ್ನೊಮ್ಮೆ ಅತ್ತಳು.

"ಅಯ್ಯೋ, ನಿಜ ಹೇಳ್ತಿದೀನಿ ಕಣ್ರೋ!" ಎಂದು ಟ್ಯಾಬಿಥಾ ಬಾಯಿ ತೆರೆಯುವಷ್ಟರಲ್ಲಿ ಲೆಟಿಸ್ ಓಡಿಬಂದು ಅವಳನ್ನು ತಬ್ಬಿಕೊಂಡಿದ್ದಳು. ಗಟ್ಟಿಯಾಗಿ ತಬ್ಬಿ, ಕಿವಿಯ ಹತ್ತಿರ ಬಾಯಿಟ್ಟು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ನಂಗೊತ್ತು ಅಕ್ಕ. ಆವತ್ತು ಮ್ಯೂಸಿಯಂನಲ್ಲಿ ಎಲ್ರೂ ನಕ್ಕಾಗ ನಾನು ನಿಮ್ಮ ಕಡೆ ನೋಡ್ದೆ. ಎಲ್ರಿಗಿಂತ ಚೆನ್ನಾಗಿ ನೀವೇ ನಗ್ತಿದ್ರಿ."

"ಮತ್ತೆ ಹೆಸರು ಯಾಕೆ ಹಾಕಿಸ್ದೆ?" ಎಂದಳು ಟ್ಯಾಬಿಥಾ, ಅಷ್ಟೇ ಮೆಲ್ಲಗೆ.

"ನೀವು ಬೇಡ ಅನ್ನದಿದ್ರೆ ತಿದ್ದಿಬಿಡ್ತಿದ್ದೆ. ಅದು ನಿಜ ತಾನೆ? ಸಲ್ಲಬೇಕಾದ್ದು ಸಲ್ಲಿಸ್ದೆ." ಹೀಗೆಂದು ಲೆಟಿಸ್ ಅವಳ ಕೆನ್ನೆಗೆ ಮುತ್ತು ಕೊಟ್ಟು, ಎಲ್ಲರ ಕಡೆ ತಿರುಗಿ ಹಾಡು ಎತ್ತಿಕೊಂಡಳು. ಕೂಟವೆಲ್ಲ ಎದ್ದು ದನಿಗೂಡಿಸಿತು.

ಅದಾದ ಮೇಲೂ ಇಬ್ಬರೂ ಬಹುಕಾಲ ಬದುಕಿದರು. ಮೊಸಳೆ ಸಿಕ್ಕಾಗಲೆಲ್ಲ ಒಬ್ಬಳು ಬಿಡಿಸುವಳು, ಒಬ್ಬಳು ನೋಡುವಳು, ಪಟದಲ್ಲಿ ಇಬ್ಬರ ಹೆಸರೂ ಬರುವುದು. ಊರಿನ ತಾಯಂದಿರು ಜಗಳವಾಡುವ ಹೆಣ್ಣುಮಕ್ಕಳಿಗೆ ಅವರಿಬ್ಬರನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ವಿನಯದ ಹಾರ್ಲ್ಯಾಂಡಕ್ಕ ಎಂದೇ ಟ್ಯಾಬಿಥಾಳಿಗೆ ಹೆಸರಾಯಿತು. ಯಾರಾದರೂ ಹಾಗೆಂದರೆ ಅವಳು ಸಿಡಿಮಿಡಿಗೊಳ್ಳುವಳು, ಅದನ್ನೂ ಜನ ವಿನಯವೆಂದೇ ತಿಳಿಯುವರು. ಗುರುವಾರ ಗುರುವಾರ ಲೆಟಿಸ್ ಶುಂಠಿ ಬ್ರೆಡ್ಡು ತರುವಳು, ಇಬ್ಬರೂ ಆ ಡೊಂಕು ಬಾಲದ ಪಟದ ಕೆಳಗೆ ಕುಳಿತು ಚಹಾ ಕುಡಿಯುವರು. ಆ ಸಂಜೆ ಕಿವಿಯಲ್ಲಿ ಆಡಿದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ವಯಸ್ಸಾದಂತೆ ಟ್ಯಾಬಿಥಾ ಲೆಟಿಸ್ಸಳ ಎಷ್ಟೋ ವಿಷಯಗಳನ್ನು ಕ್ಷಮಿಸಿದಳು. ಅವಳ ಮುಖ ಸುಕ್ಕಾದ ಮೇಲೆ ಚೆಲುವನ್ನು ಕ್ಷಮಿಸಿದಳು, ದನಿ ಒಡೆದ ಮೇಲೆ ಹಾಡನ್ನು ಕ್ಷಮಿಸಿದಳು, ಬೆರಳು ಗಂಟುಕಟ್ಟಿ ಪೆನ್ಸಿಲು ಹಿಡಿಯಲಾಗದ ಮೇಲೆ ಆ ಕೈಯನ್ನೂ ಕ್ಷಮಿಸಿದಳು. ಎಲ್ಲ ಗೊತ್ತಿದ್ದೂ ತನ್ನ ಹೆಸರು ಹಾಕಿಸಿದಳಲ್ಲ, ಅದನ್ನು ಮಾತ್ರ ಸಾಯುವವರೆಗೂ ಕ್ಷಮಿಸಲಿಲ್ಲ.